ಚಾಪೆಯ ಮೇಲೆ ಕೇಳದ ಪ್ರಶ್ನೆ

ಜುಲೈ 8, 2003. ಮಂಗಳವಾರ
ಶಾಲೆಯಿಂದ ಬಂದು ಕಾಫಿ ಬೀಜ ಹರವಿದೆ. ಮಕ್ಕಳಿಗೆ ಪೋರ್ಚುಗೀಸ್ ಪಾಠ ಇನ್ನೂ ಮುಗಿಸಿಲ್ಲ. ನನಗೇ ಬರುವುದು ಅಷ್ಟಕ್ಕಷ್ಟೇ.

ನಮ್ಮೂರ ಗಾಸ್ಪಾರ್ ಗಡಿಯಾಚೆಯ ಪಶ್ಚಿಮ ಟಿಮೋರ್‌ನಿಂದ ವಾಪಸ್ ಬಂದಿದ್ದಾನೆ. ಊರೆದುರು ಕೂತು ತಪ್ಪೊಪ್ಪಿಕೊಳ್ಳುವ ನ್ಯಾಯದ ಚಾಪೆಗೆ ಅರ್ಜಿಯನ್ನೂ ಹಾಕಿದ್ದಾನೆ. ಶಾಲೆಯ ಗೋಡೆಗೆ ಅಂಟಿಸಿದ್ದಾರೆ— "ಇಂಡೋನೇಷ್ಯಾ ಪರ ಮಿಲಿಷಿಯಾದಲ್ಲಿದ್ದೆ. ಎರಡು ಮನೆ ಸುಟ್ಟೆ. ಒಂದು ಹಂದಿ ಹೊತ್ತೊಯ್ದೆ. ಊರಿನ ಕ್ಷಮೆ ಬೇಡುತ್ತೇನೆ."

ಹಂದಿ ನೆನಪಿದೆ ಅವನಿಗೆ. ನನ್ನ ತಮ್ಮ ಎಲ್ವೀನೋ ನೆನಪಿಲ್ಲ. ತೊಂಬತ್ತೊಂಬತ್ತರ ಸೆಪ್ಟೆಂಬರಿನಲ್ಲಿ, ಸ್ವಾತಂತ್ರ್ಯಕ್ಕೆ ಮತ ಹಾಕಿದ ಮೇಲೆ, ಇವನೇ ತಮ್ಮನ ಕತ್ತು ಹಿಡಿದು ಎಳೆದೊಯ್ದದ್ದು. ಬೇಲಿಯ ಹಿಂದೆ ಕೂತು ನೋಡಿದ್ದೇನೆ. ರಾಜಧಾನಿ ದಿಲಿಯಿಂದ ತನಿಖೆಯವರು ಬಂದು ನನ್ನ ಹೇಳಿಕೆ ಬರೆದುಕೊಂಡು ಹೋದರು, ಮತ್ತೆ ಇತ್ತ ತಲೆ ಹಾಕಲಿಲ್ಲ. ಅಮ್ಮ ಆಗ ಬೆಟ್ಟದಲ್ಲಿ ಅಡಗಿದ್ದಳು. ಯಾರು ಎಳೆದೊಯ್ದರು ಅಂತ ಅವಳಿಗೆ ಇವತ್ತಿಗೂ ಹೇಳಿಲ್ಲ. ಊರೂ ಅವಳೆದುರು ಬಾಯಿ ಬಿಟ್ಟಿಲ್ಲ. ಅವಳಿಗೆ ಬೇಕಿರುವುದು ಮಗನ ಮೂಳೆ. ಕಣ್ಣು ಮುಚ್ಚುವುದರೊಳಗೆ ಒಂದು ಸಮಾಧಿ, ಮೇಲೊಂದು ಮೇಣದಬತ್ತಿ.

ಜುಲೈ 12. ಶನಿವಾರ
ಸಂತೆಯಲ್ಲಿ ಅವನೇ ಎದುರಾದ. ದಪ್ಪಗಾಗಿದ್ದಾನೆ.

"ಟೀಚರ್ ಆಗಿದೀರಂತೆ ಅಕ್ಕ, ಸಂತೋಷ."

"ನನ್ ತಮ್ಮ ಎಲ್ಲಿ?"

ಅತ್ತಿತ್ತ ನೋಡಿದ. "ನೋಡಿ, ಮನೆ ಸುಟ್ಟಿದ್ದಕ್ಕೆ ಚಾಪೆ ಇದೆ. ಅದಕ್ಕೆ ಚಾಪೆ ಇಲ್ಲ, ದಿಲಿ ಜೈಲು. ಮುಂದಿನ ಶನಿವಾರ ಚಾಪೆ ಮೇಲೆ ನೀವು ಏನೂ ಕೇಳ್ಬೇಡಿ, ರಾಜಿ ಆಯ್ತು ಅಂತ ನನ್ ಕೈಯಿಂದ ಎಲೆಅಡಿಕೆ ತಗೊಳ್ಳಿ. ಮಾರನೇ ದಿನ ಜಾಗ ತೋರಿಸ್ತೀನಿ. ಕೇಳಿದ್ರೋ... ನಂಗೇನೂ ಗೊತ್ತಿಲ್ಲ."

ಸೊಪ್ಪಿನ ಚೌಕಾಸಿ ಮಾಡಿದ ಹಾಗೆ. ಮುಖಕ್ಕೆ ಉಗಿಯಬೇಕಿತ್ತು. ಉಗಿಯಲಿಲ್ಲ. ಉಪ್ಪು ಕೊಂಡು ಮನೆಗೆ ಬಂದೆ.

ಜುಲೈ 19
ಅಮ್ಮನಿಗೆ ಜ್ವರ, ಬರಲಿಲ್ಲ. ಒಳ್ಳೆಯದೇ ಆಯಿತು. ಮಿಕ್ಕಂತೆ ಇಡೀ ಊರು ನೆರೆದಿತ್ತು. ಊರ ಹಿರಿಯ ಅಬ್ರಾಂವ್ ಅಜ್ಜ ಚಾಪೆ ಹಾಸಿ ಪೂರ್ವಿಕರನ್ನು ಕರೆದ. ಮಾತು ಮುಗಿಯುವ ತನಕ ಅದನ್ನು ಸುತ್ತುವ ಹಾಗಿಲ್ಲ. ಗಾಸ್ಪಾರ್ ಸುಟ್ಟ ಮನೆಗಳಿಗಾಗಿ ಅತ್ತ. ಹಂದಿಗೂ ಅತ್ತ.

ಅಜ್ಜ ನನ್ನ ಕಡೆ ತಿರುಗಿದ. "ಏನವ್ವಾ, ಕೇಳೋದೇನಾದ್ರೂ ಇದ್ಯಾ? ಹೊಟ್ಟೇಲಿ ಇಟ್ಕೋಬೇಡ."

ಎಲ್ಲರೂ ನೆಲ ನೋಡಿದರು. ಅರ್ಧ ಊರಿಗೆ ಗೊತ್ತು. ಅಜ್ಜನಿಗೂ ಗೊತ್ತು.

"ಏನಿಲ್ಲ, ಅಜ್ಜ."

ಎಲೆ ತೆಗೆದುಕೊಂಡೆ. ಅಗಿದೆ. ಚರ್ಚಿನ ಅಂಗಳವನ್ನು ಎಂಟು ವಾರ ಗುಡಿಸಬೇಕಂತೆ, ಅದು ಅವನ ಶಿಕ್ಷೆ. ಚಾಪೆ ಸುತ್ತಿದರು, ಚಪ್ಪಾಳೆ ತಟ್ಟಿದರು. ಮನೆಗೆ ಬಂದು ಹಿತ್ತಿಲಲ್ಲಿ ಬಾಯಿ ತೊಳೆದೆ, ಮತ್ತೆ ತೊಳೆದೆ. ಅವನಿಗಿಂತ ನನ್ನ ಮೇಲೇ ಹೇಸಿಗೆ.

ಜುಲೈ 20
ತೋರಿಸಿದ. ಹೊಳೆಯಾಚೆ, ಬಿದಿರು ಮೆಳೆಯ ಬುಡ. ತಾನೇ ಅಗೆದ. ಎಷ್ಟು ಆಳ ಅಂತ ಗೊತ್ತಿತ್ತು ಅವನಿಗೆ. ಅದೇ ಮುರಿದ ಮುಂದಿನ ಹಲ್ಲು— ಎಲ್ವೀನೋನೇ.

"ಯಾರು ತೋರಿಸಿದ್ದು?" ಅಂದಳು ಅಮ್ಮ.

"ಗಾಸ್ಪಾರ್. ಬಿದಿರು ಕಡಿಯೋಕೆ ಹೋದಾಗ ಸಿಕ್ತಂತೆ."

ಬಾಯಿಂದ ಹಾಗೇ ಬಂತು.

ಜುಲೈ 25
ನಾಳೆ ಮಣ್ಣು. ಪೆಟ್ಟಿಗೆ ಹೊರುವವರಲ್ಲಿ ಗಾಸ್ಪಾರ್ ಮುಂದಿರಬೇಕು ಅಂತ ಅಮ್ಮನ ಹಟ. ಅವನಿಗೆ ಸೊಂಟ ನೋವು ಅಂದೆ. ನಂಬಲಿಲ್ಲ.

ಜುಲೈ 26, ಬೆಳಿಗ್ಗೆ 7
ಅಮ್ಮ ತಾನೇ ಹೋಗಿ ಕರೆದು ತಂದಿದ್ದಾಳೆ. ಇಸ್ತ್ರಿ ಮಾಡಿದ ಬಿಳಿ ಅಂಗಿ. ನಮ್ಮ ಅಡುಗೆಮನೆಯಲ್ಲಿ ಕೂತಿದ್ದಾನೆ. ಹೇಳಿಬಿಡಬೇಕು. ಹೇಳಿದರೆ, ಅವತ್ತು ಚಾಪೆಯ ಮೇಲೆ ಯಾಕೆ ಸುಮ್ಮನಿದ್ದೆ ಅಂತ ಕೇಳುತ್ತಾಳೆ...

ಅವನ ತಲೆ ಸವರುತ್ತಿದ್ದಾಳೆ. "ಇನ್ಮೇಲೆ ನೀನೇ ನನ್ ಮಗ ಕಣಪ್ಪ." ಅವನು ಹೂಂ ಅಂದ.

ನನ್ನನ್ನು ಕೂಗುತ್ತಿದ್ದಾಳೆ. ಅವನಿಗೆ ತಟ್ಟೆ ಇಡಬೇಕಂತೆ. ನಾನು ತಟ್ಟೆ ತೆಗೆದುಕೊಂಡು ಹೊರಟೆ.