ಶುಂಪೇ ಮಾತು ಮುಗಿಸಿದ ವಾರ

ಜನವರಿ 14, ಮಂಗಳವಾರ

ಮತ್ತೆ ರೈಲು. ಹದಿನೆಂಟು ವರ್ಷದಲ್ಲಿ ಇಪ್ಪತ್ತಮೂರನೆಯದು. ನಮ್ಮ ಕಾಮಿಕ್ಸಿನ ಶುಂಪೇ ರೈಲ್ವೆ ಗೇಟಿನ ಹತ್ತಿರ ನಿಂತು "ಚಿಯೊರಿ, ನಾನು ನಿನ್ನ..." ಎನ್ನುತ್ತಾನೆ. ಅಷ್ಟರಲ್ಲಿ ನಾನು ಪುಟಕ್ಕೆ ರೈಲು ಬಿಡುತ್ತೇನೆ. ಅವಳಿಗೆ ಕೇಳಿಸುವುದಿಲ್ಲ. ರೈಲಿಲ್ಲದ ಕಡೆ ಬಾಣಬಿರುಸು, ಇಲ್ಲವೇ ಗುಡುಗು.

ಕಥೆ, ಮುಖಪುಟದ ಹೆಸರು ಎರಡೂ ನನ್ನ ಗುರು ಕುರಾಮೋಚಿ ಸೆನ್ಸೇಯವರವು. ಅವರ ಮಣಿಕಟ್ಟು ಕೆಟ್ಟು ಒಂಬತ್ತು ವರ್ಷ. ಅಂದಿನಿಂದ ಚಿಯೊರಿಯ ಮುಖ ಬಿಡಿಸುವವಳು ನಾನು. ಹೊರಗೆ ಹೇಳುವಂತಿಲ್ಲ.

ಜನವರಿ 16

ಸಂಪಾದಕ ಅಸಾನುಮಾ ಬಂದಿದ್ದರು. "ಟಿವೀಲಿ ಅನಿಮೆ ನಾಲ್ಕನೇ ಸೀಸನ್ ಬರ್ತಿದೆ, ಆಮೇಲೆ ಸಿನಿಮಾ. ಅಲ್ಲೀವರೆಗೂ ಅವಳಿಗೆ ಏನೂ ಕೇಳಿಸಬಾರದು, ಸೆನ್ಸೇ."

"ಕಿವಿ ಡಾಕ್ಟರ್ ಹತ್ರ ಕಳಿಸೋ ಕಂತು ಒಂದು ಮಾಡಿಬಿಡ್ಲಾ?" ಸೆನ್ಸೇ ನಕ್ಕರು.

ನಾನೇ ಬರೆದಿಟ್ಟ ನನ್ನ ಸ್ವಂತ ಕಥೆಯ ಬಗ್ಗೆ ಕೇಳಿದೆ. ಅಸಾನುಮಾ, "ಇದು ಮುಗಿದ ವಾರ ಪತ್ರಿಕೇಲಿ ಆ ಪುಟಗಳು ನಿಮ್ಮವು ಅಂತ ಹೇಳಿದ್ದೀನಲ್ಲ, ಮಿನೆಗಿಶಿ ಸಾನ್."

ಹೇಳಿ ಆರು ವರ್ಷ. ನನಗೀಗ ನಲವತ್ತೆರಡು. ಶುಂಪೇ, ಚಿಯೊರಿ ಇಬ್ಬರೂ ಇನ್ನೂ ಹೈಸ್ಕೂಲು.

ಜನವರಿ 21

ಪುಟಗಳನ್ನು ಒಪ್ಪಿಸುವ ದಿನ. ಸೆನ್ಸೇ ಮಣಿಕಟ್ಟಿನ ಚಿಕಿತ್ಸೆಗೆ ಹೋಗಿದ್ದರು. ಅಸಾನುಮಾ ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು.

ಹದಿನೇಳನೇ ಪುಟ. ರೈಲು ಬಿಡಿಸಲಿಲ್ಲ. ಬರೀ ಗೇಟು, ಖಾಲಿ ಹಳಿ. ಶುಂಪೇಯ ಮಾತು ಪೂರ್ತಿ ಬರೆದೆ. ಕೇಳಿಸಿಕೊಂಡವಳ ಮುಖ ಬಿಡಿಸಿದೆ. ಇನ್ನು ಎಳೆಯಲು ಏನಿದೆ? ಕಥೆಯನ್ನು ಅವರು ಮುಗಿಸಲೇಬೇಕು.

ಅಸಾನುಮಾ ಲಕೋಟೆ ಬಿಚ್ಚಿಯೂ ನೋಡದೆ ಪ್ರೆಸ್ಸಿಗೆ ಓಡಿದರು.

ಫೆಬ್ರವರಿ 5

ಪತ್ರಿಕೆ ಅಂಗಡಿಗೆ ಬಂತು. ಸೆನ್ಸೇ ಆ ಪುಟ ಬಹಳ ಹೊತ್ತು ನೋಡಿದರು.

"ಉಂಡ ಮನೆಗೆ ಎರಡು ಬಗೆದೆ ಕಣೆ."

ಅಷ್ಟೇ. ಕೆಲಸ ಬಿಡು ಎನ್ನಲಿಲ್ಲ. ಬಿಟ್ಟರೆ ಮುಖ ಬಿಡಿಸುವವರು ಯಾರು?

ಫೆಬ್ರವರಿ 14

ಓದುಗರ ಮತದ ಕಾರ್ಡುಗಳ ಎಣಿಕೆ ಬಂತು. ಮೊದಲ ಸ್ಥಾನ. ಏಳು ವರ್ಷದಲ್ಲಿ ಇದೇ ಮೊದಲು. ಅಸಾನುಮಾ ಕೇಕ್ ತಂದರು.

"ರೈಲು ತೆಗೆದದ್ದು ನಿಮ್ಮ ತಲೇನಾ, ಸೆನ್ಸೇ?"

"ಮತ್ತಿನ್ಯಾರದು? ವಯಸ್ಸಾಯ್ತು, ಧೈರ್ಯ ಬಂತು." ನನ್ನ ಕಡೆ ತಿರುಗಲೂ ಇಲ್ಲ.

"ಇನ್ನು ಇವರಿಬ್ಬರ ಮದುವೆ, ಮಗು, ಅತ್ತೆ ಕಾಟ... ಕಥೆಗೆ ಹತ್ತು ವರ್ಷ ಮೋಸ ಇಲ್ಲ ಬಿಡಿ," ಎಂದರು ಅಸಾನುಮಾ.

"ನನ್ನ ಪುಟಗಳು?" ಎಂದೆ.

"ಈಗ್ಯಾಕೆ ಆ ಮಾತು, ಮಿನೆಗಿಶಿ ಸಾನ್? ಕೇಕ್ ತಿನ್ನಿ."

ತಿಂದೆ. ಅದಕ್ಕೇ ಹೆಚ್ಚು ನಾಚಿಕೆ.

ಮಾರ್ಚ್ 27

ಕೆಲಸ ಬಿಟ್ಟು ತಿಂಗಳಾಯಿತು. ಇವತ್ತು ನನ್ನ ಕಥೆಯ ನಲವತ್ತು ಪುಟ ಹಿಡಿದು ಬೇರೊಂದು ಪತ್ರಿಕೆಗೆ ಹೋಗಿದ್ದೆ. ಸಂಪಾದಕಿಗೆ ಇಪ್ಪತ್ತೈದು ಇರಬಹುದು. ಒಳ್ಳೆಯವಳೇ. ಚಹಾ ಕೊಟ್ಟಳು, ಪೂರ್ತಿ ಓದಿದಳು.

"ಕಥೆ ಚೆನ್ನಾಗಿದೆ. ಆದ್ರೆ ಈ ಮುಖ... ಕುರಾಮೋಚಿ ಸೆನ್ಸೇ ಅವರ ಚಿಯೊರಿನ ಹಾಗ್ಹಾಗೇ ನಕಲು ಮಾಡಿದ್ದೀರಲ್ಲ."

"ಅದು ನನ್ನ—" ಎಂದೆ. ಕನಿಕರದಿಂದ ಕಾದಳು. ಹೇಳಿದರೆ ನಂಬುವವರು ಯಾರು? ಪುಟಗಳನ್ನು ಜೋಡಿಸಿಕೊಂಡೆ.

"ಮೊದಲು ನಿಮ್ಮದೇ ಒಂದು ಮುಖ ಹುಡುಕ್ಕೊಳ್ಳಿ. ಆಮೇಲೆ ಬನ್ನಿ."

ಮಾರ್ಚ್ 28

ಬೆಳಗಿನಿಂದ ಕೂತಿದ್ದೇನೆ. ಮೂಗು ಉದ್ದ ಮಾಡಿದೆ—ಅವಳೇ. ಕಣ್ಣು ಸಣ್ಣ ಮಾಡಿದೆ—ಅವಳೇ. ಮುದುಕಿ ಬಿಡಿಸಿದೆ. ಮುದುಕಿಯಾದ ಚಿಯೊರಿ. ಕೈಗೆ ಬೇರೆ ಯಾರೂ ಗೊತ್ತಿಲ್ಲ.

ಕನ್ನಡಿ ತಂದಿಟ್ಟುಕೊಂಡೆ. ನನ್ನನ್ನೇ ನೋಡಿ ಶುರು ಮಾಡಿದ್ದೇನೆ. ಗದ್ದ ಸರಿಯಾಗಿ ಬಂತು. ತುಟಿಯೂ ನನ್ನದೇ. ಕಣ್ಣು ಯಾರದು ಬರುತ್ತದೋ, ಇನ್ನೂ ಬಿಡಿಸಿಲ್ಲ.