ಇನ್ನು ಲಡಿ ಬೇಡ

ಉಲ್ಲನ್ ಅಂಗಡಿಯ ಅಣ್ಣನವರಿಗೆ,

ಇನ್ನು ಮುಂದೆ ನನಗೆ ನೂಲಿನ ಬಿಡಿ ಲಡಿ ಕಳಿಸಬೇಡಿ. ತುಸು ದುಬಾರಿಯಾದರೂ ಸರಿ, ಸುತ್ತಿದ ಉಂಡೆಗಳನ್ನೇ ಕಳಿಸಿ. ಕುರ್ಚಿಯ ಬೆನ್ನಿಗೆ ಲಡಿ ಹಾಕಿ ಸುತ್ತಿ ನೋಡಿದೆ, ಬರೀ ಸಿಕ್ಕಾಯಿತು.

ಇಷ್ಟು ವರ್ಷ ಲಡಿ ಹಿಡಿಯುತ್ತಿದ್ದವರು ನಮ್ಮ ಯಜಮಾನರು. ಎರಡೂ ಕೈ ಚಾಚಿ, ಲಡಿಯನ್ನು ಮಣಿಕಟ್ಟಿಗೆ ಹಾಕಿಸಿಕೊಂಡು ಕೂತು, "ಕೈಗೆ ಕೋಳ ಹಾಕ್ಬಿಟ್ಯಲ್ಲೇ" ಅನ್ನುತ್ತ ಹಾಗೇ ತೂಕಡಿಸುತ್ತಿದ್ದರು. ಹೋದ ತಿಂಗಳು ಒಂದು ಸಂಜೆಯೂ ತಲೆ ವಾಲಿತು, ಕೈಗಳು ಮಡಿಲಿಗಿಳಿದವು. ತೂಕಡಿಕೆ ಅಂದುಕೊಂಡು ನಾನು ಸುತ್ತುತ್ತಲೇ ಇದ್ದೆ.

ಈಗ ಕಳಿಸಿರುವ ಬೂದು ಸ್ವೆಟರಿನ ಬೆನ್ನಲ್ಲಿ ಒಂದು ಗಂಟಿದೆ. ಅವರ ಕೈ ಬಿಡಿಸಲು ಪಕ್ಕದ ಮನೆಯವರು ನೂಲು ಕತ್ತರಿಸಿದ್ದು ಅಲ್ಲೇ. ಗಿರಾಕಿ ಗೊಣಗಿದರೆ ವಾಪಸು ಕಳಿಸಿ, ಬೇರೆ ಹೆಣೆದುಕೊಡುತ್ತೇನೆ. "ಅದನ್ನೇ ಬಿಚ್ಚಿ ಹೆಣೆಯಮ್ಮ" ಅಂತ ಮಾತ್ರ ಹೇಳಬೇಡಿ.

ಇಂತಿ,
ನಿಮ್ಮ ಸ್ವೆಟರ್ ಅಮ್ಮ