ಮಾತಾಡಿದವರು: ಹದಿನಾಲ್ಕು

ಫೆಬ್ರವರಿ 3, ಸೋಮವಾರ

ಇವತ್ತೂ ಮೌನ ಅಳೆಯುವ ಕೆಲಸ. ಮೂರು ಗಂಟೆ ಕೂತು ಒಂಬತ್ತು ನಿಮಿಷದ ಮಾತು ಟೈಪ್ ಆಯಿತು. ಇಂಗ್ಲಿಷ್ ಎಂ.ಎ. ಅಂದರೆ ಕಿಟಕಿ ಪಕ್ಕ ಕೂತು ಕಾದಂಬರಿ ಓದುವುದು ಅಂದುಕೊಂಡಿದ್ದೆ. ಭಾಷಾವಿಜ್ಞಾನದ ಪೇಪರ್ ತೆಗೆದುಕೊಂಡು ಕೆಟ್ಟೆ.

ಆ ಪೇಪರ್ ಕಲಿಸುವ ಮೇಡಂ ಪ್ರಾಜೆಕ್ಟ್ — ಡಾಕ್ಟರ ಎದುರು ಕೂತಾಗ ಜನ ಇಂಗ್ಲಿಷ್ ಪದಗಳನ್ನು ಹೇಗೆ ಬಳಸುತ್ತಾರೆ. ದೊಡ್ಡಾಸ್ಪತ್ರೆಯಲ್ಲಿ ಅವರ ಕಡೆಯ ಹುಡುಗಿಯೊಬ್ಬಳು ರೋಗಿಗಳ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಂಡು ಬರುತ್ತಾಳೆ. ಕೇಳಿ ಬರೆಯುವುದು ನಾನು ಮತ್ತು ಕಾಮಾ. ಕಾಮಾ ನನ್ನ ಕ್ಲಾಸ್‌ಮೇಟ್, ಅದು ನಾವಿಟ್ಟ ಅಡ್ಡಹೆಸರು. ಒಂದು ಅಲ್ಪವಿರಾಮ ತಪ್ಪಿದರೂ ಅವನಿಗೆ ಅನ್ನ ಇಳಿಯುವುದಿಲ್ಲ. ಕೆಮ್ಮಿದರೆ ಬರೆಯಬೇಕು. ಸುಮ್ಮನಿದ್ದರೆ ಎಷ್ಟು ಸೆಕೆಂಡ್ ಅಂತ ಕಂಸದಲ್ಲಿ ಬರೆಯಬೇಕು. ರೋಗಿಗೆ ಹೆಸರಿಲ್ಲ, ಒಂದು ನಂಬರ್ ಮಾತ್ರ; ಮಾತಿನ ನಡುವೆ ಹೆಸರು ಬಂದರೆ ಅಷ್ಟೇ ಅಕ್ಷರದ ಬೇರೆ ಹೆಸರು ಹಾಕಬೇಕು. ಕೇಳಿದ್ದನ್ನು ಹೊರಗೆ ಆಡುವುದಿಲ್ಲ ಅಂತ ಇಬ್ಬರೂ ಸಹಿ ಹಾಕಿದ್ದೇವೆ.

ಅಮ್ಮನಿಗೆ ಬರೀ ರೆಕಾರ್ಡಿಂಗ್ ಅಂದೆ. ಎಲ್ಲಿಯದು ಅಂತ ಹೇಳಲಿಲ್ಲ. ಹೊಲಿಗೆ ಮಿಷನ್ ನಿಲ್ಲಿಸಿ ನಕ್ಕಳು. "ಇಂಗ್ಲಿಷ್ ಓದ್ತೀನಿ ಅಂತ ಹೋದವಳು ಊರವರ ಕೆಮ್ಮು ಎಣಿಸ್ತಾ ಕೂತಿದ್ದೀಯಲ್ಲೇ!"

ಫೆಬ್ರವರಿ 6, ಗುರುವಾರ. ಲ್ಯಾಬ್, 3.20

ಫೈಲ್ ಹದಿನಾಲ್ಕು. ಡಿಸೆಂಬರ್ 18ರದ್ದು. ಶುರುವಿನಲ್ಲೇ ಒಪ್ಪಿಗೆ ಕೇಳುವ ಭಾಗ. ಹೆಂಗಸಿನ ದನಿ —

"ಯೂನಿವರ್ಸಿಟಿ ಇಂಗ್ಲಿಷ್ ಡಿಪಾರ್ಟ್‌ಮೆಂಟಾ? ನನ್ನ ಮಗಳೂ ಅಲ್ಲೇ ಓದೋದು. ಹಾಕ್ಕೊಳ್ಳಿ, ಹಾಕ್ಕೊಳ್ಳಿ. ಮಕ್ಕಳಿಗೆ ಉಪಯೋಗ ಆಗಲಿ. ಅಲ್ವಾ ಮತ್ತೆ?"

ಅಲ್ವಾ ಮತ್ತೆ. ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು.

ಹೆಡ್‌ಫೋನ್ ತೆಗೆದಿಟ್ಟು ನೀರು ಕುಡಿದು ಬಂದೆ. ಅಲ್ಲಿಗೇ ನಿಲ್ಲಿಸಬೇಕಿತ್ತು. ಪರಿಚಯದವರ ದನಿ ಬಂದರೆ ಮುಂದೆ ಕೇಳಬಾರದು, ನಿಯಮವೂ ಅದೇ. ನಿಲ್ಲಿಸಲಿಲ್ಲ.

ಡಾಕ್ಟರ್: ಬಯಾಪ್ಸಿ ರಿಪೋರ್ಟ್ ಬಂದಿದೆ. ಹೊಟ್ಟೆಯಲ್ಲಿರೋದು ಸಾಮಾನ್ಯ ಗೆಡ್ಡೆ ಅಲ್ಲ. ಸರ್ಜರಿ ಆಗಬೇಕು.
ಹದಿನಾಲ್ಕು: (2.6) ಮಾರ್ಚ್ ಕಳೀಲಿ ಡಾಕ್ಟ್ರೇ. ಮಗಳ ಕೊನೇ ಪರೀಕ್ಷೆ.
ಡಾಕ್ಟರ್: ಎರಡು ವಾರಕ್ಕಿಂತ ಜಾಸ್ತಿ ಕಾಯೋ ಹಾಗಿಲ್ಲ ಅಮ್ಮಾ.
ಹದಿನಾಲ್ಕು: (ನಗು) ಪರೀಕ್ಷೆ ಕಾಯಲ್ಲ. ಗೆಡ್ಡೆ ಕಾಯತ್ತೆ ಬಿಡಿ.

ಆಮೇಲೆ ನನ್ನ ಹೆಸರು ಹೇಳಿದಳು. ಮನೆಯಲ್ಲಿ ಕರೆಯುವ ಹೆಸರು, ಮೂರಕ್ಷರ. "ಅವಳಿಗೆ ಗೊತ್ತಾಗೋದು ಬೇಡ." ಮೂರಕ್ಷರದ ಬೇರೆ ಯಾರದೋ ಹೆಸರು ಟೈಪ್ ಮಾಡಿದೆ. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು.

ಎರಡು ವಾರ. ಡಿಸೆಂಬರ್ 18ರಿಂದ ಇವತ್ತಿಗೆ ಏಳು ವಾರ.

ಅದೇ ದಿನ, ಸಂಜೆ

ಅಮ್ಮ ಸ್ಕೂಲ್ ಯೂನಿಫಾರ್ಮಿಗೆ ಗುಂಡಿ ಹಾಕುತ್ತಿದ್ದಳು. ಮುಖ ನೋಡಿದೆ. ಇಷ್ಟು ದಿನ ನೋಡೇ ಇರಲಿಲ್ಲ ಅನ್ನಿಸಿತು. ಕೆನ್ನೆ ಯಾವಾಗ ಇಷ್ಟು ಒಳಗೆ ಹೋಯಿತು? ಮನೆಯಲ್ಲಿ ಇರುವುದೇ ನಾವಿಬ್ಬರು. ಅಪ್ಪ ಹೋಗಿ ಹತ್ತು ವರ್ಷ.

"ಹೊಟ್ಟೆನೋವು ಹೇಗಿದೆಯಮ್ಮಾ?"

"ಗ್ಯಾಸ್ಟ್ರಿಕ್ ಕಣೇ. ನಿನ್ನಷ್ಟು ಟೆನ್ಷನ್ ತಗೊಂಡ್ರೆ ಇನ್ನೂ ಜಾಸ್ತಿ ಆಗತ್ತೆ. ಹೋಗು, ಓದ್ಕೋ."

ಫೆಬ್ರವರಿ 7, ಶುಕ್ರವಾರ

ಮೇಡಂಗೆ ಹೇಳಿದೆ. ಬಾಗಿಲು ಹಾಕಿ ಬಂದು ಎದುರು ಕೂತರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಆ ಫೈಲ್ ಇನ್ನು ನೀನು ಮುಟ್ಟಬೇಡ. ಹದಿನಾಲ್ಕರದು ಮತ್ತೆ ಬಂದ್ರೆ ನಿನ್ನ ಜೊತೆಯವನು ಮಾಡ್ಲಿ. ಯಾಕೆ ಅಂತ ಅವನಿಗೆ ಹೇಳಲ್ಲ."

"ಅಮ್ಮನಿಗೆ ಏನಂತ ಹೇಳಲಿ ಮೇಡಂ?"

"ಮಾತಾಡು. ಇವತ್ತೇ ಮಾತಾಡು. ಟೇಪ್ ಕೇಳಿದೆ ಅಂತ ಮಾತ್ರ ಹೇಳಬೇಡಮ್ಮಾ. ನಲವತ್ತು ಜನ ನಮ್ಮನ್ನ ನಂಬಿ ಮಾತಾಡಿದ್ದಾರೆ."

ಟೇಪ್ ಬಿಟ್ಟರೆ ನನಗೆ ಗೊತ್ತಾದದ್ದು ಹೇಗೆ? ಕನಸು ಬಿತ್ತು ಅನ್ನಲೇ? ಬಾಯಲ್ಲಿ ಬಿಸಿ ತುಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಫೆಬ್ರವರಿ 12, ಬುಧವಾರ

ಐದು ದಿನ ಬೆಕ್ಕಿನ ಹಾಗೆ ಅವಳ ಸುತ್ತ ಸುತ್ತಿದೆ. ಅವಳಿಲ್ಲದಾಗ ಬೀರು ಹುಡುಕಿದೆ, ರಿಪೋರ್ಟ್ ಸಿಕ್ಕಿದರೆ ಅದನ್ನೇ ಹಿಡಿದು ಕೇಳಬಹುದಲ್ಲ ಅಂತ. ನನ್ನ ಒಂದನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಸಿಕ್ಕಿತು. ಅದು ಸಿಗಲಿಲ್ಲ.

ಕೊನೆಗೆ ಇವತ್ತು ಊಟಕ್ಕೆ ಮೊದಲು ಹೇಳಿಯೇಬಿಟ್ಟೆ. ಅರ್ಧ ಮಾತ್ರ.

"ಆ ರೆಕಾರ್ಡಿಂಗ್ ಅಂದೆನಲ್ಲಮ್ಮಾ… ಆಸ್ಪತ್ರೇದು. ರೋಗಿಗಳು ಡಾಕ್ಟರ್ ಹತ್ರ ಮಾತಾಡೋದು."

ಮಿಷನ್ ನಿಂತಿತು. ಬಟ್ಟೆ ಸೂಜಿಯಡಿಯಲ್ಲೇ ಇತ್ತು. ಅವಳು ತಲೆ ಎತ್ತಲಿಲ್ಲ.

"ಅದನ್ನೆಲ್ಲ ಹುಡುಗರು ನೀವೇ ಕೇಳ್ತೀರಾ?"

"ಹೂಂ."

ಮೂರು ಸೆಕೆಂಡ್. ಎಣಿಸಿದೆ. ಚಟ.

"ಸರಿ, ಏಳು ಊಟಕ್ಕೆ. ಆರಿಹೋಗತ್ತೆ."

ಬೇರೆ ಏನನ್ನೂ ಕೇಳಲಿಲ್ಲ ಅವಳು. ಅಂದರೆ ಹೇಳಲು ಇಷ್ಟವಿಲ್ಲ. ಬಾಗಿಲು ಹಾಕಿಕೊಂಡವರ ಮನೆಗೆ ನುಗ್ಗುವುದು ಹೇಗೆ? ಅವಳೇ ಹೇಳಲಿ. ಹೇಳುವ ತನಕ ಕಾಯುತ್ತೇನೆ.

ಫೆಬ್ರವರಿ 13

ಹೇಳಲಿಲ್ಲ.

ಮಾರ್ಚ್ 1, ಶನಿವಾರ

ಹದಿನೈದು ದಿನ ಬರೆಯಲಿಲ್ಲ. ಬರೆಯಲು ಏನಿದೆ? ಅಮ್ಮ ಮಧ್ಯಾಹ್ನ ಮಲಗಲು ಶುರು ಮಾಡಿದ್ದಾಳೆ. ಬಿಸಿಲಿಗೆ ಅಂತೆ. ಊಟದಲ್ಲಿ ಅರ್ಧ ನನ್ನ ತಟ್ಟೆಗೆ. ಪರೀಕ್ಷೆ ಅಲ್ವಾ, ನೀನು ತಿನ್ನು ಅಂತೆ.

ದಿನಾ ಬೆಳಿಗ್ಗೆ ಇವತ್ತು ಕೇಳುತ್ತೇನೆ ಅಂತ ಏಳುತ್ತೇನೆ. ಅವಳು ನಗುತ್ತಾಳೆ. ಧೈರ್ಯ ಅಲ್ಲಿಗೆ ಮುಗಿಯಿತು. ಸಹಿ ಹಾಕಿದ್ದೇನೆ ಅನ್ನುವುದು ನೆಪ. ನಿಜ ಏನೆಂದರೆ, ಕೇಳಿದರೆ ಅವಳು ಹೌದು ಅಂದುಬಿಡುತ್ತಾಳೆ. ಅದನ್ನು ಕೇಳಿಸಿಕೊಳ್ಳುವ ಶಕ್ತಿ ನನಗಿಲ್ಲ. ಊರವರ ಉಸಿರೆಲ್ಲ ಕೇಳಿಸುವ ಕಿವಿ ಇದು.

ಪರೀಕ್ಷೆ 17ಕ್ಕೆ. ಪುಟ ತಿರುವುತ್ತೇನೆ. ತಲೆಗೆ ಒಂದಕ್ಷರ ಹೋಗುತ್ತಿಲ್ಲ.

ಮಾರ್ಚ್ 14, ಶುಕ್ರವಾರ. ಲ್ಯಾಬ್

ಕಾಮಾ ಬಂದು ಹೆಡ್‌ಫೋನ್ ಚಾಚಿದ. ಅವನಿಗೆ ಏನೂ ಗೊತ್ತಿಲ್ಲ, ಪಾಪ.

"ಮೂವತ್ತೊಂದನೇ ಫೈಲ್, ಒಂದೇ ಒಂದು ಸಾಲು ಸಿಗ್ತಿಲ್ಲ ಮಾರಾಯ್ತಿ. ಇಪ್ಪತ್ತು ಸಲ ಕೇಳಿದೆ. 'ಅಸ್ಪಷ್ಟ' ಅಂತ ಹಾಕೋಕೆ ಮನಸ್ಸು ಒಪ್ತಿಲ್ಲ. ನಿನ್ನ ಕಿವಿ ಚುರುಕು, ಒಂದ್ಸಲ ಕೇಳು."

ಅವನು ಟೈಪ್ ಮಾಡಿದ ಹಾಳೆ ನೋಡಿದೆ. ಮಾತಾಡಿದವರು: ಹದಿನಾಲ್ಕು. ದಿನಾಂಕ ಮೊನ್ನೆ ಬುಧವಾರದ್ದು. ಒಟ್ಟು ಒಂದು ನಿಮಿಷ ಹನ್ನೆರಡು ಸೆಕೆಂಡ್. ಮೊದಲ ಸಲ ಹದಿನೈದು ನಿಮಿಷ ಇತ್ತು.

ನಾಳೆ ಹೇಳ್ತೀನಿ ಅಂದೆ. ಪೆನ್‌ಡ್ರೈವ್‌ಗೆ ಹಾಕಿ, ಹಾಳೆಯ ಜೊತೆ ಕೊಟ್ಟ. ತೆಗೆದುಕೊಂಡೆ. ತಪ್ಪು ಅಂತ ಗೊತ್ತು.

ಮಾರ್ಚ್ 15, ಶನಿವಾರ. ಮನೆ, ಸಂಜೆ 5.40

ಕೋಣೆಯಲ್ಲಿದ್ದೇನೆ. ಅಮ್ಮ ಆಚೆ ಹೊಲಿಯುತ್ತಿದ್ದಾಳೆ. ಕೇಳಿದೆ.

ಒಪ್ಪಿಗೆ ಕೇಳುವ ಹುಡುಗಿ ಈ ಸಲವೂ ಕೇಳಿದ್ದಾಳೆ. ಬೇಡ ಅನ್ನಬಹುದಿತ್ತು ಅಮ್ಮ. ನಾನು ಕೇಳುತ್ತೇನೆ ಅಂತ ಈಗ ಅವಳಿಗೆ ಗೊತ್ತಲ್ಲ. "ಇರಲಿ, ಆನ್ ಮಾಡಿ" ಅಂದಿದ್ದಾಳೆ.

ಡಾಕ್ಟರ್: ಈಗ ಸರ್ಜರಿಯಿಂದ ಪ್ರಯೋಜನ ಇಲ್ಲಮ್ಮಾ. ನೋವಿಗೆ ಮಾತ್ರೆ ಬರೀತೀನಿ. ಮನೇಲಿ ಹೇಳಿದ್ದೀರಾ? ಮಗಳಿಗೆ?
ಹದಿನಾಲ್ಕು: (4.2) (ಅಸ್ಪಷ್ಟ)
ಡಾಕ್ಟರ್: ಏನಂದ್ರಿ?
ಹದಿನಾಲ್ಕು: ಏನಿಲ್ಲ. ಬರ್ತೀನಿ ಡಾಕ್ಟ್ರೇ.

ಇಪ್ಪತ್ತು ಸಲ ಕೇಳುವುದು ಬೇಕಾಗಲಿಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮಾತಾಡಿದ್ದಾಳೆ. ಅಪ್ಪ ಹೋದ ವರ್ಷವೆಲ್ಲ ಹಾಗೇ ಮಾತಾಡುತ್ತಿದ್ದಳು. ಎದುರಿಗಿದ್ದ ಡಾಕ್ಟರಿಗೇ ಕೇಳಿಸಲಿಲ್ಲ. ನನಗೆ ಪೂರ್ತಿ ಕೇಳಿಸಿತು.

ಕಾಮಾನ ಹಾಳೆಯಲ್ಲಿ 'ಅಸ್ಪಷ್ಟ' ಹೊಡೆದು ಬರೆದೆ —

ಹದಿನಾಲ್ಕು: ಅವಳಿಗೆ ಗೊತ್ತು. ಗೊತ್ತಿದ್ದೂ ಕೇಳಲ್ಲ.

ಅವಳೂ ಕಾಯುತ್ತಿದ್ದಳು. ಒಂದು ತಿಂಗಳು. ನಾನು ಈ ಕಡೆ, ಅವಳು ಆ ಕಡೆ, ನಡುವೆ ಒಂದು ಹೊಲಿಗೆ ಮಿಷನ್.

ಮಿಷನ್ ಸದ್ದು ನಿಂತಿದೆ. ಎಷ್ಟು ಹೊತ್ತಾಯಿತು ಅಂತ ಎಣಿಸಲಿಲ್ಲ. ಇಲ್ಲಿಂದಲೇ "ಅಮ್ಮಾ" ಅಂದೆ.

"ಏನೇ?"

ಬಂದೆ ಅಂದಿದ್ದೇನೆ. ಹೋಗಿ ಪಕ್ಕದಲ್ಲಿ ಕೂತು, ಮೊದಲು ಕೇಳಬೇಕು —